ಆಳು ಸಿಗ್ತಿಲ್ಲ ಅಂತೀರಿ, ಹಾಜರಿಯಲ್ಲಿ ಹೆಸರು ಬರೆದಿದ್ದೀರಾ?

ಬಿಲ್ಡರ್‌ಗಳಿಗೆ ಆಳು ಸಿಗುತ್ತಿಲ್ಲವಂತೆ. ಅಪಾರ್ಟ್‌ಮೆಂಟ್ ಯಾಕೆ ಮುಗಿದಿಲ್ಲ, ಸೇತುವೆ ಯಾಕೆ ಅರ್ಧಕ್ಕೆ ನಿಂತಿದೆ ಅಂತ ಕೇಳಿದರೆ ಒಂದೇ ಉತ್ತರ: ಹಳ್ಳಿ ಜನಕ್ಕೆ ದುಡಿಯೋ ಮನಸ್ಸಿಲ್ಲ. 2025ರ ಫೆಬ್ರುವರಿಯಲ್ಲಿ ಎಲ್ ಅಂಡ್ ಟಿ ಕಂಪನಿಯ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಚೆನ್ನೈನ ಸಭೆಯೊಂದರಲ್ಲಿ ಇದನ್ನೇ ಹೇಳಿದರು. ಸರ್ಕಾರದ ಯೋಜನೆಗಳಿಂದ ಕೈಗೆ ದುಡ್ಡು ಬರುತ್ತಿದೆ, ಕಾರ್ಮಿಕರು ಊರು ಬಿಟ್ಟು ಬರಲು ಒಪ್ಪುತ್ತಿಲ್ಲ ಅಂತ. ಅದೇ ಭಾಷಣದಲ್ಲಿ ಇನ್ನೊಂದು ಮಾತೂ ಇತ್ತು. ಬಂದವರು ನಿಲ್ಲುವುದಿಲ್ಲ, ವರ್ಷಕ್ಕೆ ಮೂರ್ನಾಲ್ಕು ಸಲ ಹೊಸ ಜನರನ್ನು ಸೇರಿಸಿಕೊಳ್ಳಬೇಕಾಗುತ್ತದೆ ಅಂತ.

ಹಾಗಾದರೆ ಜನ ಬರುತ್ತಿದ್ದಾರೆ ಅಂತಾಯ್ತಲ್ಲ? ಬರುತ್ತಾರೆ, ನೋಡುತ್ತಾರೆ, ಬಿಟ್ಟು ಹೋಗುತ್ತಾರೆ. ಯಾಕೆ ಬಿಟ್ಟು ಹೋಗುತ್ತಾರೆ ಅಂತ ಕೇಳುವ ಬದಲು ಯಾಕೆ ಬರುವುದಿಲ್ಲ ಅಂತ ಕೇಳಿದರೆ ತಪ್ಪು ಉತ್ತರವೇ ಸಿಗುವುದು.

ಬರುವುದಿಲ್ಲ ಅನ್ನುವವರು ಒಂದು ಸಂಜೆ ಸುರಪುರದ ಬಸ್ ಸ್ಟ್ಯಾಂಡಿನಲ್ಲಿ ಬಂದು ನಿಲ್ಲಲಿ. ಸುರಪುರ ಯಾಕೆ, ಶಹಾಪುರ, ದೇವದುರ್ಗ, ಲಿಂಗಸುಗೂರು ಯಾವುದಾದರೂ ಆಗಲಿ. ಬೆಂಗಳೂರು ಬಸ್ಸಿನ ಮುಂದೆ ಜೋಳದ ಹಿಟ್ಟಿನ ಚೀಲ, ಖಾರಪುಡಿ ಡಬ್ಬಿ, ಹಾಸಿಗೆ ಗಂಟು, ಕಂಕುಳಲ್ಲಿ ಕೂಸು. ಇವರೆಲ್ಲ ಮದುವೆಗೆ ಹೊರಟವರಲ್ಲ. ನಮ್ಮ ಕಡೆ ಇದಕ್ಕೆ ಗುಳೆ ಅಂತಾರೆ. ಯುಗಾದಿಗೆ, ಮೊಹರಂಗೆ, ಊರ ಜಾತ್ರೆಗೆ ವಾಪಸ್ ಬರುತ್ತಾರೆ, ಮತ್ತೆ ಹೋಗುತ್ತಾರೆ.

ಈ ಜನರನ್ನು ಕೆಲಸಕ್ಕೆ ಸೇರಿಸಿಕೊಳ್ಳುವ ರೀತಿ ನೋಡಿ. ಅರ್ಜಿ ಇಲ್ಲ, ಆದೇಶ ಪತ್ರ ಇಲ್ಲ. ಮೇಸ್ತ್ರಿ ಬರುತ್ತಾನೆ, ಮನೆ ಕಟ್ಟೆ ಮೇಲೆ ಕೂತು ಚಹಾ ಕುಡಿಯುತ್ತಾನೆ, ಮುಂಗಡ ಎಣಿಸಿ ಕೊಡುತ್ತಾನೆ. ಮೇಸ್ತ್ರಿ ಹೊರಗಿನವನಲ್ಲ, ನಮ್ಮವನೇ, ಒಮ್ಮೊಮ್ಮೆ ಸ್ವಂತ ಸೋದರಮಾವನೇ. ಮೇಸ್ತ್ರಿಯ ಮೇಲೆ ಸಣ್ಣ ಗುತ್ತೇದಾರ, ಅವನ ಮೇಲೆ ದೊಡ್ಡ ಗುತ್ತೇದಾರ, ಅವನ ಮೇಲೆ ಬಿಲ್ಡರ್. ಗೌಂಡಿಯ ಹೆಸರು ಮೇಸ್ತ್ರಿಯ ಪಾಕೆಟ್ ಡೈರಿಯಲ್ಲೇ ನಿಲ್ಲುತ್ತದೆ, ಮೇಲಕ್ಕೆ ಹೋಗುವುದಿಲ್ಲ. ಬಿಲ್ಡರ್ ಕಡತದಲ್ಲಿ ಇರುವುದು ಇಷ್ಟು ಚದರಡಿ ಪ್ಲಾಸ್ಟರ್, ಇಷ್ಟು ಟನ್ ಕಬ್ಬಿಣ.

ನಮ್ಮ ಓಣಿಯ ಒಬ್ಬ ಗಂಡ-ಹೆಂಡತಿ ಹೋದ ವರ್ಷ 40 ಸಾವಿರ ಮುಂಗಡ ತಗೊಂಡು ಹೋದರು. ವಾರಕ್ಕೆ 1,500 ಖರ್ಚಿ ಸಿಗುತ್ತಿತ್ತು, ಉಳಿದದ್ದು ಮುಂಗಡಕ್ಕೆ ಜಮಾ ಅಂತ ಮಾತು. ಏಳು ತಿಂಗಳಾದ ಮೇಲೆ ಲೆಕ್ಕ ಕೇಳಿದರೆ ಇನ್ನೂ 11 ಸಾವಿರ ಬಾಕಿ ಅಂದರಂತೆ. ಎಷ್ಟು ದಿನ ಹಾಜರಿ, ದಿನಕ್ಕೆ ಎಷ್ಟು ಕೂಲಿ, ಮಳೆ ಬಂದ ದಿನ ಹಿಡಿದರೋ ಬಿಟ್ಟರೋ, ಹೆಣ್ಣಾಳಿಗೆ ಎಷ್ಟು ಕಡಿಮೆ ಹಾಕಿದರು, ಯಾವುದೂ ಕಾಗದದಲ್ಲಿಲ್ಲ. ರಾತ್ರಿ ಬಸ್ ಹತ್ತಿ ಬಂದುಬಿಟ್ಟರು. ಬಿಲ್ಡರ್ ಬಾಯಲ್ಲಿ ಇದೇ 'ಆಳಿನ ಕೊರತೆ'.

ಹೆಸರು ಬರೆಯದಿದ್ದರೆ ಏನಾಗುತ್ತದೆ ಅನ್ನೋದು ಅಪಘಾತವಾದಾಗ ಗೊತ್ತಾಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು ಕೂಲಿಕಾರರು ಸತ್ತರು. ಎಲ್ಲೇ ಕಟ್ಟಡ ಕುಸಿಯಲಿ, ಟಿವಿಯಲ್ಲಿ ಕೇಳುವ ಮೊದಲ ಮಾತು 'ಒಳಗೆ ಸುಮಾರು ಇಷ್ಟು ಜನ' ಅಂತ. ಯಾಕೆ ಸುಮಾರು? ಸಿಮೆಂಟ್ ಚೀಲಕ್ಕೆ ಸ್ಟಾಕ್ ರಿಜಿಸ್ಟರ್ ಇರುತ್ತದೆ. ಒಂದು ಚೀಲ ಕಡಿಮೆಯಾದರೆ ವಾಚ್‌ಮನ್ ಮೇಲೆ ಗಲಾಟೆ ಆಗುತ್ತದೆ.

ದುಡ್ಡಿಲ್ಲ ಅಂತಲೂ ಹೇಳುವಂತಿಲ್ಲ. ಕಟ್ಟಡದ ಖರ್ಚಿನಲ್ಲಿ ಶೇಕಡಾ 1ರಷ್ಟು ಸೆಸ್ ಕಾರ್ಮಿಕರ ಕಲ್ಯಾಣಕ್ಕೆ ಹೋಗಬೇಕು ಅಂತ 1996ರಲ್ಲೇ ಕಾನೂನು ಬಂದಿತ್ತು. ಒಂದು ಕೋಟಿಯ ಕಟ್ಟಡಕ್ಕೆ ಒಂದು ಲಕ್ಷ. ಈ ಹಣ ಇಟ್ಟುಕೊಳ್ಳಲು ಮಂಡಳಿ ಇದೆ, ಅದರಲ್ಲಿ ನೋಂದಣಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕು. ಹಾಜರಿಯಲ್ಲೇ ಹೆಸರಿಲ್ಲದವನಿಗೆ ಯಾವ ಗುತ್ತೇದಾರ ಬರೆದುಕೊಡುತ್ತಾನೆ? ಇನ್ನೊಂದು ಕಡೆ, ಇಟ್ಟಿಗೆ ಮುಟ್ಟಿ ನೋಡದವರೂ ಏಜೆಂಟ್‌ಗೆ ದುಡ್ಡು ಕೊಟ್ಟು ಲೇಬರ್ ಕಾರ್ಡ್ ಮಾಡಿಸಿಕೊಂಡರು, ಇಲಾಖೆ ಆಮೇಲೆ ಬೋಗಸ್ ಕಾರ್ಡ್ ರದ್ದು ಮಾಡುತ್ತಾ ಕೂತಿತು. ಇದರಲ್ಲಿ ನಮ್ಮ ಊರಿನವರ ಪಾಲೂ ಇದೆ, ಸುಳ್ಳು ಯಾಕೆ ಹೇಳಲಿ. ಹಾಗಂತ ಮೇಲಿನವರೇನೂ ಸಾಚಾ ಅಲ್ಲ. ಈ ಸೆಸ್ ಹಣದಲ್ಲಿ ಲ್ಯಾಪ್‌ಟಾಪ್, ವಾಷಿಂಗ್ ಮಷೀನ್ ಖರೀದಿಸಿದ ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು.

1996ರದ್ದೇ ಇನ್ನೊಂದು ಕಾನೂನು ಕಾರ್ಮಿಕರಿಗೆ ಕೆಲಸದ ಜಾಗದಲ್ಲಿ ಪುಕ್ಕಟೆ ವಸತಿ ಕೊಡಬೇಕು, ಅಡುಗೆಗೆ, ಸ್ನಾನಕ್ಕೆ, ಶೌಚಕ್ಕೆ ಬೇರೆ ಜಾಗ ಕೊಡಬೇಕು ಅಂದಿತ್ತು. ಈಗ ಅದನ್ನು ಹೊಸ ಕಾರ್ಮಿಕ ಸಂಹಿತೆಯಲ್ಲಿ ಸೇರಿಸಿದ್ದಾರೆ. ತಗಡಿನ ಶೆಡ್ ಮಾತ್ರ ಹಾಗೇ ಇದೆ. ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲೇ ಎದ್ದು ಮರೆ ಹುಡುಕುವುದೂ ಹಾಗೇ ಇದೆ.

ಇನ್ನೊಂದು ತಮಾಷೆ ಕೇಳಿ. ಬೆಂಗಳೂರಿಗೆ 40 ಕಿಲೋಮೀಟರ್ ದೂರದ ಹೊಸೂರಿನಿಂದ ಬಂದವನು ಕಾನೂನಿನ ಕಣ್ಣಲ್ಲಿ ಅಂತರರಾಜ್ಯ ವಲಸೆ ಕಾರ್ಮಿಕ ಆಗಬಹುದು, ಹೊಸೂರು ತಮಿಳುನಾಡಿನದ್ದು. ಯಾದಗಿರಿಯಿಂದ ಸುಮಾರು 500 ಕಿಲೋಮೀಟರ್ ಬಂದವನು ಆಗುವುದಿಲ್ಲ, ಅವನು ಸ್ವಂತ ರಾಜ್ಯದಲ್ಲೇ ಇದ್ದಾನೆ. ಹೊರ ರಾಜ್ಯದವರಿಗಾದರೂ ಆ ಕಾನೂನು ಎಷ್ಟು ಕೈ ಹಿಡಿಯಿತು ಅಂತ ನೋಡಿದ್ದೇವೆ. 2020ರ ಮೇ ತಿಂಗಳ ಲಾಕ್‌ಡೌನ್‌ನಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪ ಬಿಲ್ಡರ್‌ಗಳ ಜೊತೆ ಸಭೆ ಮಾಡಿದರು. ಅದರ ಬೆನ್ನಿಗೇ ಕಾರ್ಮಿಕರನ್ನು ಊರಿಗೆ ಒಯ್ಯುವ ರೈಲು ಬೇಡ ಅಂತ ಸರ್ಕಾರ ರೈಲ್ವೆಗೆ ಬರೆಯಿತು. ದೇಶವೆಲ್ಲ ಉಗಿದ ಮೇಲೆ ಮತ್ತೆ ರೈಲು ಬಿಟ್ಟರು. ಆಳು ಕೈತಪ್ಪಿ ಹೋದಾರು ಅನ್ನೋ ಭಯ ಅವತ್ತೇ ಇತ್ತು, ಆದರೆ ಅವರನ್ನು ಉಳಿಸಿಕೊಳ್ಳಲು ಹೊಳೆದ ದಾರಿ ಬಾಗಿಲು ಹಾಕುವುದು.

ಸರ್ಕಾರದ ದುಡ್ಡಿನಿಂದ ಜನ ಸೋಮಾರಿಗಳಾದರು ಅನ್ನೋ ಮಾತಿಗೆ ಬರೋಣ. ಗೃಹಲಕ್ಷ್ಮಿ ತಿಂಗಳಿಗೆ 2,000. ಅದರಲ್ಲಿ ಯಾರ ಮನೆ ನಡೆಯುತ್ತದೆ? ಉದ್ಯೋಗ ಖಾತ್ರಿಯ ಕೂಲಿ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು, ಅದೂ ಕೆಲಸ ಕೊಟ್ಟರೆ, ದುಡ್ಡು ಸಮಯಕ್ಕೆ ಬಂದರೆ. ಆದರೆ ಒಂದು ಸತ್ಯ ಇದೆ: ಅಕ್ಕಿ, ಎರಡು ಸಾವಿರ, ಹತ್ತಿ ಬಿಡಿಸೋ ಕೂಲಿ ಇಷ್ಟು ಕೈಯಲ್ಲಿದ್ದಾಗ ನಮ್ಮ ಅಕ್ಕ ಮೋಸದ ಮೇಸ್ತ್ರಿಗೆ 'ಒಲ್ಲೆ' ಅನ್ನಬಲ್ಲಳು. ಮೊದಲು ಹಾಗೆ ಅನ್ನಲು ಆಗುತ್ತಿರಲಿಲ್ಲ. ದೊಡ್ಡವರಿಗೆ ಸಿಟ್ಟು ಬಂದಿರುವುದು ಅವಳ ಸೋಮಾರಿತನಕ್ಕಲ್ಲ, ಆ 'ಒಲ್ಲೆ'ಗೆ.

ಆಳು ಬೇಕಾದರೆ ಮೊದಲ ದಿನವೇ ಹೆಸರು ಬರೆಯಿರಿ. ಕೂಲಿ ಎಷ್ಟು ಅಂತ ಬರೆದುಕೊಡಿ. ಪಗಾರ ಅವರವರ ಬ್ಯಾಂಕ್ ಖಾತೆಗೆ ಹಾಕಿ, ಹೆಂಡತಿಯದು ಗಂಡನ ಲೆಕ್ಕದಲ್ಲಿ ಸೇರಿಸಬೇಡಿ. 90 ದಿನ ಆದ ಮೇಲೆ ದೃಢೀಕರಣ ಕೊಡಿ. ಇಷ್ಟು ಮಾಡಿದ ಮೇಲೂ ಜನ ಬರದಿದ್ದರೆ ಆಗ ಭಾಷಣ ಮಾಡಿ, ನಾವೂ ಕೇಳುತ್ತೇವೆ.

ಇದನ್ನು ಓದುತ್ತಿರುವ ಅಣ್ಣ-ಅಕ್ಕಂದಿರಿಗೆ ಒಂದು ಮಾತು. ಮುಂಗಡ ತಗೊಳ್ಳುವಾಗ ಅದನ್ನು ಬರೆಸಿ ಫೋಟೋ ಹೊಡೆದುಕೊಳ್ಳಿ. ಪ್ರತಿ ಶನಿವಾರ ಹಾಜರಿ ಪುಟದ ಫೋಟೋ ತೆಗೆದು ಮನೆಯವರಿಗೆ ಕಳಿಸಿ. ಕಟ್ಟಡದ ಮುಂದಿನ ಬೋರ್ಡಿನ ಫೋಟೋನೂ ಇರಲಿ, ಮಾಲೀಕ ಯಾರು ಅಂತ ಅದರಲ್ಲಿ ಇರುತ್ತದೆ.

ಮೊನ್ನೆ ನಮ್ಮ ಓಣಿಗೆ ಮೇಸ್ತ್ರಿ ಬಂದಿದ್ದ, ನೋಟಿನ ಕಟ್ಟು ತಂದಿದ್ದ. 'ಕಾಕಾ, ಯಾರ ಬಿಲ್ಡಿಂಗ್ ಅದು?' ಅಂತ ಕೇಳಿದೆ. 'ಅಲ್ಲಿಗೆ ಹೋದಮ್ಯಾಲ ಗೊತ್ತಾಗ್ತದ ಬಿಡಪಾ' ಅಂದ. ಆರು ಜೋಡಿ ಹೆಸರು ಹೇಳಿವೆ. ಯಾವ ಹೆಸರನ್ನೂ ಅವನು ಬರೆದುಕೊಳ್ಳಲಿಲ್ಲ.