ವರ್ಷದ ನಡುವೆ ಕಾಲೇಜು ಬಿಟ್ಟವರ ವಿದ್ಯಾರ್ಥಿವೇತನ: ನಿಯಮ ತಿದ್ದುಪಡಿ ಕೋರಿ ಮನವಿ ಪತ್ರ

ಇವರಿಗೆ: ಆಯುಕ್ತರು, ಸಮಾಜ ಕಲ್ಯಾಣ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ವ್ಯಾಸಂಗ ನಿಲ್ಲಿಸಿದ ಅಥವಾ ಕೋರ್ಸ್ ಬದಲಿಸಿದ ವಿದ್ಯಾರ್ಥಿಗಳಿಂದ ವಿದ್ಯಾರ್ಥಿವೇತನ ವಸೂಲಿ ಮಾಡಲು ಓದಿದ ದಿನಗಳ ಲೆಕ್ಕವನ್ನು ಆಧಾರವಾಗಿಸುವ ಬಗ್ಗೆ.

ಶೈಕ್ಷಣಿಕ ವರ್ಷದ ನಡುವೆ ಕಾಲೇಜು ಬಿಟ್ಟವರ ವಿದ್ಯಾರ್ಥಿವೇತನ ಏನಾಗಬೇಕು ಎಂಬುದನ್ನು ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಮಾರ್ಗಸೂಚಿಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ಒಂದು ಷರತ್ತು ತೀರ್ಮಾನಿಸುತ್ತದೆ. ವೇತನ ಮಂಜೂರಾದ ವರ್ಷದಲ್ಲೇ ವ್ಯಾಸಂಗ ನಿಲ್ಲಿಸಿದವರು, ರಾಜ್ಯ ಸರ್ಕಾರದ ವಿವೇಚನೆಗೆ ಒಳಪಟ್ಟು, ಪಡೆದ ಹಣವನ್ನು ಹಿಂದಿರುಗಿಸಬೇಕಾಗುತ್ತದೆ. ಎಷ್ಟು ದಿನ ಓದಿದವರು ಎಷ್ಟು ಹಿಂದಿರುಗಿಸಬೇಕು ಎಂಬ ಪ್ರಮಾಣವನ್ನು ಆ ಷರತ್ತು ಹೇಳುವುದಿಲ್ಲ. ಪೂರ್ವಾನುಮತಿ ಇಲ್ಲದೆ ಕೋರ್ಸ್ ಅಥವಾ ಕಾಲೇಜು ಬದಲಿಸಿದವರ ವೇತನವನ್ನು ರದ್ದುಪಡಿಸಬಹುದು, ಕೊಟ್ಟದ್ದನ್ನೂ ವಸೂಲು ಮಾಡಬಹುದು ಎಂಬ ಇನ್ನೊಂದು ಷರತ್ತು ಇದರ ಜೊತೆಗಿದೆ. ಕಾಯಿಲೆಯಿಂದ ವಾರ್ಷಿಕ ಪರೀಕ್ಷೆಗೆ ಕೂರಲಾಗದವರಿಗೆ ಮುಂದಿನ ವರ್ಷಕ್ಕೆ ವೇತನ ನವೀಕರಿಸುವ ಅವಕಾಶ ಉಂಟು. ಆದರೆ ಅದಕ್ಕೆ ವೈದ್ಯಕೀಯ ಪ್ರಮಾಣಪತ್ರದ ಜೊತೆಗೆ, ಪರೀಕ್ಷೆಗೆ ಕೂತಿದ್ದರೆ ವಿದ್ಯಾರ್ಥಿ ಪಾಸಾಗುತ್ತಿದ್ದ ಎಂದು ಪ್ರಾಂಶುಪಾಲರು ದೃಢೀಕರಿಸಬೇಕು. ಬರೆಯದ ಪರೀಕ್ಷೆಯ ಫಲಿತಾಂಶಕ್ಕೆ ಸಹಿ ಹಾಕಲು ಯಾವ ಪ್ರಾಂಶುಪಾಲರೂ ಸುಲಭವಾಗಿ ಮುಂದಾಗುವುದಿಲ್ಲ.

ಕಾಲೇಜು ಬಿಡುವವರೆಲ್ಲ ಓದನ್ನೇ ಬಿಡುವವರಲ್ಲ. ಪದವಿ ಕಾಲೇಜುಗಳ ದಾಖಲಾತಿ ಮೊದಲು ಮುಗಿದು, ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಸುತ್ತಿನ ಮೇಲೆ ಸುತ್ತು ಮುಂದುವರಿಯುತ್ತದೆ. ಬಿ.ಎಸ್ಸಿ.ಗೆ ಸೇರಿ ತರಗತಿಗೆ ಹೋಗುತ್ತಿರುವಾಗಲೇ ಕೊನೆಯ ಸುತ್ತಿನಲ್ಲಿ ಕೃಷಿ ಅಥವಾ ವೈದ್ಯಕೀಯ ಸೀಟು ಕೈಗೆ ಬರುವುದುಂಟು. ವರದಿ ಮಾಡಿಕೊಳ್ಳಲು ಸಿಗುವ ಕಾಲ ಕೆಲವೇ ದಿನ. ಅಷ್ಟರಲ್ಲಿ ಹಳೆಯ ಕಾಲೇಜಿನಿಂದ ಟಿಸಿ ಮತ್ತು ಮೂಲ ಅಂಕಪಟ್ಟಿ ಬಿಡಿಸಿಕೊಂಡು ಹೊಸ ಕಾಲೇಜಿನ ಶುಲ್ಕ ಕಟ್ಟಬೇಕು. ಇಲಾಖೆಯ ಪೂರ್ವಾನುಮತಿ ಪಡೆಯುವುದು ಈ ಅವಧಿಯಲ್ಲಿ ಆಗದ ಮಾತು. ಸರ್ಕಾರದ್ದೇ ಒಂದು ಸಂಸ್ಥೆ ಕೊಟ್ಟ ಸೀಟಿಗೆ ಹೋದದ್ದು ಸರ್ಕಾರದ್ದೇ ಇನ್ನೊಂದು ಯೋಜನೆಯ ಷರತ್ತು ಮುರಿದಂತಾಗುತ್ತದೆ. ತಂದೆಯ ಸಾವು, ಹೆರಿಗೆ, ಕಾಯಿಲೆ, ದುಡಿಮೆಗಾಗಿ ಕುಟುಂಬದ ವಲಸೆ ಮುಂತಾದ ಕಾರಣಗಳಿಂದ ನಿಲ್ಲಿಸಿದವರದು ಬೇರೆ ಕಥೆ. ಅವರಲ್ಲಿ ಮರಳಿ ಬರಬೇಕೆಂದಿರುವವರಿಗೆ ಹಳೆಯ ವರ್ಷದ ವಸೂಲಾತಿಯೇ ಮೊದಲ ಅಡ್ಡಿ.

ಹಣ ಸಾಗುವ ದಾರಿ ಈ ತೊಡಕನ್ನು ಹೆಚ್ಚಿಸುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಯೋಜನೆಯಲ್ಲಿ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. 2021-22ರಿಂದ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಆಧಾರ್ ಜೋಡಿತ ಬ್ಯಾಂಕ್ ಖಾತೆಗೆ ಬರುತ್ತಿದೆ. ಅದರಲ್ಲಿ ಊಟ, ವಸತಿ, ಪುಸ್ತಕದ ಭತ್ಯೆಯಷ್ಟೇ ಅಲ್ಲದೆ ಕಾಲೇಜಿನ ಶುಲ್ಕವೂ ಸೇರಿದೆ. ಶುಲ್ಕದ ಹಣ ಖಾತೆಗೆ ಬಂದು ಕಾಲೇಜಿಗೆ ಸಂದಾಯವಾಗುತ್ತದೆ. ಕಾಗದದ ಮೇಲೆ ಮಾತ್ರ ಅದನ್ನು ಪಡೆದವನು ವಿದ್ಯಾರ್ಥಿ. ಹಾಗಾಗಿ ಆತ ಕಾಲೇಜು ಬಿಟ್ಟಾಗ, ಕೈಯಲ್ಲಿಲ್ಲದ ಹಣಕ್ಕೂ ಅವನೇ ಬಾಧ್ಯಸ್ಥನಾಗುತ್ತಾನೆ. ವೇತನ ತಡವಾದರೆ ನಷ್ಟ ಇನ್ನೊಂದು ಬಗೆಯದು: ಸಾಲ ಮಾಡಿ ಶುಲ್ಕ ಕಟ್ಟಿ, ತಿಂಗಳುಗಟ್ಟಲೆ ತರಗತಿಯಲ್ಲಿ ಕೂತು, ಮಂಜೂರಾತಿಗೆ ಮುನ್ನ ಬಿಟ್ಟವರಿಗೆ ಆ ತಿಂಗಳುಗಳ ವೇತನ ಸಿಗುವ ಖಾತರಿ ಇಲ್ಲ.

ಕಾಲೇಜಿನಿಂದ ಶುಲ್ಕ ವಾಪಸು ಪಡೆಯಲು ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ಅಧಿಸೂಚನೆ ಇದೆ. ದಾಖಲಾತಿಯ ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕೂ ಮೊದಲು ಬಿಟ್ಟರೆ ಪೂರ್ಣ ಶುಲ್ಕ, ನಂತರ ಕೊನೆಯ ದಿನದೊಳಗೆ ಶೇ 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ 80, 30 ದಿನದೊಳಗೆ ಶೇ 50 ಮರಳಬೇಕು. ಅಲ್ಲಿಂದಾಚೆ ಏನೂ ಇಲ್ಲ. ಮೂಲ ದಾಖಲೆಗಳನ್ನು ಕಾಲೇಜು ಇಟ್ಟುಕೊಳ್ಳುವಂತಿಲ್ಲ ಎಂದೂ ಅದು ಹೇಳುತ್ತದೆ. ಪ್ರವೇಶ ಪ್ರಕ್ರಿಯೆ ತಡವಾಗುವುದನ್ನು ಮನಗಂಡು ಆಯೋಗ 2024-25ಕ್ಕೆ ಸೆಪ್ಟೆಂಬರ್ 30ರವರೆಗೆ ಪೂರ್ಣ ಮರುಪಾವತಿಗೂ, ಅಕ್ಟೋಬರ್ 31ರವರೆಗೆ ₹1,000 ಮೀರದ ಕಡಿತಕ್ಕೂ ಸೂಚಿಸಿತ್ತು. ಕಾಲೇಜಿನ ಬಾಧ್ಯತೆಗೆ ಹೀಗೆ ದಿನಾಂಕವೂ ಪ್ರಮಾಣವೂ ನಿಗದಿಯಾಗಿವೆ; ವಿದ್ಯಾರ್ಥಿಯ ಬಾಧ್ಯತೆಗೆ ಎರಡೂ ಇಲ್ಲ.

ಇಂಥ ಲೆಕ್ಕ ಆಡಳಿತಕ್ಕೆ ಅಸಾಧ್ಯವೇನಲ್ಲ. ಅಮೆರಿಕದ ಉನ್ನತ ಶಿಕ್ಷಣ ಕಾಯ್ದೆಗೆ 1998ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಎಲ್ಲ ತರಗತಿಗಳನ್ನೂ ಬಿಟ್ಟ ವಿದ್ಯಾರ್ಥಿ ಹಾಜರಿದ್ದ ದಿನಗಳ ಪ್ರಮಾಣದಲ್ಲಿ ಒಕ್ಕೂಟ ಸರ್ಕಾರದ ನೆರವನ್ನು ಗಳಿಸಿಕೊಂಡಂತೆ. ಅವಧಿಯ ಶೇ 30 ಕಳೆದಾಗ ಬಿಟ್ಟರೆ ಶೇ 30ರಷ್ಟು ಅವನದು. ಶೇ 60 ದಾಟಿದ ಮೇಲೆ ಪೂರ್ತಿ ಅವನದು. ಗಳಿಸದ ಹಣದಲ್ಲಿ ಶುಲ್ಕಕ್ಕೆ ಸೇರಿದ ಭಾಗವನ್ನು ಕಾಲೇಜೇ ಹಿಂದಿರುಗಿಸಬೇಕು, ಅದೂ ವಿದ್ಯಾರ್ಥಿ ಬಿಟ್ಟದ್ದು ಖಚಿತವಾದ 45 ದಿನಗಳೊಳಗೆ. ವಿದ್ಯಾರ್ಥಿ ಪಡೆದ ಅನುದಾನದ ಅರ್ಧದಷ್ಟಕ್ಕೆ ವಸೂಲಾತಿಯಿಂದ ರಕ್ಷಣೆಯೂ ಇದೆ. ಈ ಏರ್ಪಾಡಿನಲ್ಲಿ ಕೊರತೆ ಇಲ್ಲವೆಂದಲ್ಲ: ಕಾಲೇಜು ಸರ್ಕಾರಕ್ಕೆ ಹಿಂದಿರುಗಿಸಿದ ಹಣವನ್ನು ಬಾಕಿ ಶುಲ್ಕವೆಂದು ವಿದ್ಯಾರ್ಥಿಯಿಂದಲೇ ಕೇಳುವುದು ಅಲ್ಲಿ ಸಾಮಾನ್ಯ. ಕರ್ನಾಟಕದ ನಿಯಮ ಆ ಕಿಂಡಿಯನ್ನು ಮೊದಲೇ ಮುಚ್ಚಿಕೊಳ್ಳಬೇಕು.

ಆದ್ದರಿಂದ ರಾಜ್ಯಕ್ಕಿರುವ ವಿವೇಚನಾಧಿಕಾರವನ್ನು ಚಲಾಯಿಸುವ ಬಗೆಯನ್ನು ಇಲಾಖೆಯು ಸುತ್ತೋಲೆಯ ಮೂಲಕ ನಿಗದಿಪಡಿಸಬೇಕೆಂಬುದು ಈ ಮನವಿಯ ಮುಖ್ಯ ಬೇಡಿಕೆ. 90 ಬೋಧನಾ ದಿನಗಳ ಸೆಮಿಸ್ಟರಿನಲ್ಲಿ 36ನೇ ದಿನದವರೆಗೆ ಓದಿದವರಿಗೆ ಆ ಸೆಮಿಸ್ಟರಿನ ವೇತನದ ಶೇ 40 ಸಲ್ಲಬೇಕು. ಶೇ 60ರಷ್ಟು ಅವಧಿ ಮುಗಿಸಿದವರಿಂದ ಏನನ್ನೂ ವಸೂಲು ಮಾಡಬಾರದು. ಮಂಜೂರಾತಿಗೆ ಮುನ್ನ ಬಿಟ್ಟವರಿಗೂ ಇದೇ ಲೆಕ್ಕದಲ್ಲಿ ಪಾವತಿಯಾಗಬೇಕು. ಶುಲ್ಕದ ಭಾಗವನ್ನು ಕಾಲೇಜಿನಿಂದಲೇ ವಸೂಲು ಮಾಡಿ, ಆ ಮೊತ್ತಕ್ಕಾಗಿ ಟಿಸಿ ಅಥವಾ ಅಂಕಪಟ್ಟಿ ತಡೆಹಿಡಿಯುವುದನ್ನು ನಿಷೇಧಿಸಬೇಕು. ಊಟ ವಸತಿಗೆಂದು ಕೊಟ್ಟು ಖರ್ಚಾಗಿಹೋದ ಭತ್ಯೆಯನ್ನು ಕೇಳುವುದು ಯಾವ ಸಂದರ್ಭದಲ್ಲೂ ಸಲ್ಲದು.

ಪರೀಕ್ಷಾ ಪ್ರಾಧಿಕಾರದ ಸೀಟು ಹಂಚಿಕೆ ಪತ್ರವನ್ನೇ ಕೋರ್ಸ್ ಬದಲಾವಣೆಯ ಪೂರ್ವಾನುಮತಿ ಎಂದು ಪರಿಗಣಿಸಬೇಕು. ಕಾಯಿಲೆ, ಹೆರಿಗೆ ಮತ್ತು ಕುಟುಂಬದಲ್ಲಿನ ಸಾವಿನ ಸಂದರ್ಭದಲ್ಲಿ ಪ್ರಾಂಶುಪಾಲರ ಪಾಸಾಗುವ ದೃಢೀಕರಣವನ್ನು ಕೈಬಿಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಬೇಕು. ವಸೂಲಾತಿ ಅನಿವಾರ್ಯವಾದಾಗ, ಮೊತ್ತ ಮತ್ತು ಲೆಕ್ಕದ ವಿವರವಿರುವ ಲಿಖಿತ ನೋಟಿಸು ಕನ್ನಡದಲ್ಲಿ ತಲುಪಬೇಕು. ಜಿಲ್ಲಾ ಮಟ್ಟದಲ್ಲಿ ಮೇಲ್ಮನವಿಗೆ 30 ದಿನಗಳ ಕಾಲಾವಕಾಶ ಇರಬೇಕು. ಆ ಮೇಲ್ಮನವಿ ಇತ್ಯರ್ಥವಾಗುವವರೆಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ವಿದ್ಯಾರ್ಥಿಯ ಹೊಸ ಅರ್ಜಿಯನ್ನು ತಡೆಯಬಾರದು.