ಕಾಫಿಯ ನಾಮಾವಳಿ

ಕಾಫಿ ಕುಡಿಯುವುದಕ್ಕೆ ಪಾಂಡಿತ್ಯ ಬೇಕೆಂದು ನಮ್ಮ ಹಿರಿಯರು ಯಾರೂ ಹೇಳಿರಲಿಲ್ಲ. ಈಗ ದಾವಣಗೆರೆ, ಶಿವಮೊಗ್ಗಗಳಲ್ಲಿಯೂ ಕಾಣಿಸಿಕೊಂಡಿರುವ ಹೊಸ ಬಗೆಯ ಕೆಫೆಗಳ ಹೊಸ್ತಿಲು ದಾಟಿದವರಿಗೆ ಹಾಗೆನ್ನಿಸಿದರೆ ಆಶ್ಚರ್ಯವಿಲ್ಲ. ಎಸ್ಪ್ರೆಸೊ, ಅಮೆರಿಕಾನೊ, ಮಾಕಿಯಾಟೊ, ಕಾಪುಚಿನೊ, ಲಾಟೆ, ಮೋಕಾ—ಗೋಡೆಯ ಫಲಕದ ತುಂಬ ಇಂತಹ ಸಹಸ್ರನಾಮ.

ಸೂರಗೊಂಡನಕೊಪ್ಪದ ಸಮೀಪದ ತಾಂಡಾವೊಂದರಿಂದ ಬಂದು ನಮ್ಮ ಕಾಲೇಜಿನಲ್ಲಿ ಓದಿದ ಹುಡುಗನೊಬ್ಬ ಸಂದರ್ಶನಕ್ಕೆಂದು ಬೆಂಗಳೂರಿಗೆ ಹೋಗಿದ್ದಾಗ ಇಂಥದೊಂದು ಕೆಫೆಯನ್ನು ಹೊಕ್ಕನಂತೆ. ಕೇಳಲು ಸಂಕೋಚ, ಪಟ್ಟಿಯಲ್ಲಿ ಎಲ್ಲಕ್ಕಿಂತ ಅಗ್ಗವಾದುದಕ್ಕೆ ಬೆರಳಿಟ್ಟ. ಬಂದದ್ದು ಆಟಿಕೆಯಂತಹ ಬಟ್ಟಲು, ಅದರ ತಳದಲ್ಲಿ ಕಪ್ಪು ಕಷಾಯ. ಹಾಲು ಹಿಂದೆ ಬರುವುದೆಂದು ಅವನು ಕಾದು ಕುಳಿತ. ಪಕ್ಕದ ಮೇಜಿನವರು ನಕ್ಕರು. "ಇನ್ನು ಅಂಥ ಕಡೆ ಕಾಲಿಡೋದಿಲ್ಲ, ಸಾರ್" ಎಂದು ಅವನೂ ನಗುತ್ತಲೇ ಹೇಳಿದ. ನನಗೆ ನಗು ಬರಲಿಲ್ಲ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ ೭೦ರಷ್ಟನ್ನು ಬೆಳೆಯುವ ನಾಡಿನ ಹುಡುಗ ಕಾಫಿಯ ಹೆಸರಿಗೆ ಹೆದರಬೇಕೆ?

ಈ ನಾಮಾವಳಿಯಲ್ಲಿ ತಿಳಿಯಬೇಕಾದ ವಸ್ತು ವಾಸ್ತವವಾಗಿ ಒಂದೇ: ಎಸ್ಪ್ರೆಸೊ. ಅದು ನಮ್ಮ ಡಿಕಾಕ್ಷನ್ನಿನ ದಾಯಾದಿ. ನಮ್ಮ ಹಿತ್ತಾಳೆಯ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರದಿಂದಲೇ ಪುಡಿಯ ಮೂಲಕ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಕಾಲು ಗಂಟೆಯಾದರೂ ಕಾಯಬೇಕು. ಅಲ್ಲಿಯಾದರೋ ಯಂತ್ರವು ವಾಯುಮಂಡಲದ ಒತ್ತಡದ ೯ ಪಟ್ಟು ಒತ್ತಡದಿಂದ ನೀರನ್ನು ನುಣ್ಣನೆಯ ಪುಡಿಯೊಳಕ್ಕೆ ನುಗ್ಗಿಸುತ್ತದೆ. ೨೫–೩೦ ಸೆಕೆಂಡುಗಳಲ್ಲಿ ಸುಮಾರು ೩೦ ಮಿಲಿಲೀಟರು ರಸ ಇಳಿಯುತ್ತದೆ. ಹಿಂಡಿ ತೆಗೆದದ್ದು ಎಂಬುದೇ ಆ ಹೆಸರಿನ ಅರ್ಥ. ನಮ್ಮ ಪುಡಿಯಲ್ಲಿ ಬಣ್ಣಕ್ಕೂ ಗಾಢತೆಗೂ ಬೆರೆಸುವ ಚಿಕೋರಿ ಬೇರಿಗೆ ಅಲ್ಲಿ ಪ್ರವೇಶವಿಲ್ಲ. ಇಷ್ಟು ತಿಳಿದರೆ ಉಳಿದದ್ದೆಲ್ಲ ಬೆರಕೆಯ ಲೆಕ್ಕ. ಬಿಸಿನೀರು ಬೆರೆಸಿದರೆ ಅಮೆರಿಕಾನೊ. ಒಂದು ಚಮಚೆ ಹಾಲಿನ ನೊರೆಯ ಬೊಟ್ಟಿಟ್ಟರೆ ಮಾಕಿಯಾಟೊ. ಇಟಲಿಯ ಭಾಷೆಯಲ್ಲಿ ಅದರ ಅರ್ಥ 'ಕಲೆಯಾದದ್ದು', ಅಷ್ಟೆ. ಕಾಫಿ, ಹಾಲು, ನೊರೆ ಹೆಚ್ಚುಕಡಿಮೆ ಸಮಪಾಲಾದರೆ ಕಾಪುಚಿನೊ. ಹಾಲು ಹೆಚ್ಚಾಗಿ ನೊರೆ ತೆಳುವಾದರೆ ಲಾಟೆ.

ಶಬ್ದದ ಬೇರನ್ನು ಕೆದಕುವುದು ನಮ್ಮಂತಹ ಮೇಷ್ಟರುಗಳ ಚಾಳಿ. ಕಾಪುಚಿನ್ ಪಂಥದ ಕ್ರೈಸ್ತ ಸಂನ್ಯಾಸಿಗಳ ಕಂದು ನಿಲುವಂಗಿಯ ಬಣ್ಣದಿಂದ ಕಾಪುಚಿನೊ ಬಂತು. ಲಾಟೆ ಎಂದರೆ ಬರಿಯ ಹಾಲು. ಇಟಲಿಯಲ್ಲಿ ಆ ಒಂದೇ ಮಾತನ್ನು ಹೇಳಿದರೆ ಹಾಲಿನ ಲೋಟವೇ ಎದುರಿಗೆ ಬರುತ್ತದೆ. ಮೋಕಾದ ಕಥೆ ಇನ್ನೂ ಸ್ವಾರಸ್ಯದ್ದು. ಅದು ಯೆಮನ್ ದೇಶದ ಒಂದು ಬಂದರು. ಕಾಫಿಯ ವ್ಯಾಪಾರಕ್ಕೆ ಒಂದು ಕಾಲದಲ್ಲಿ ಹೆಸರಾಗಿದ್ದ ಆ ಬಂದರಿನಿಂದ ಬಾಬಾಬುಡನ್ ೧೭ನೆಯ ಶತಮಾನದಲ್ಲಿ ಏಳು ಬೀಜಗಳನ್ನು ತಂದು ನಮ್ಮ ನೆರೆಯ ಚಿಕ್ಕಮಗಳೂರಿನ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಯಾರು ತಾನೆ ಕೇಳಿಲ್ಲ? ಈಗ ಕೆಫೆಯವರು ಅದೇ ಹೆಸರಿನಲ್ಲಿ ಚಾಕೊಲೇಟು ಬೆರೆಸಿ ನಮಗೆ ಮಾರುತ್ತಾರೆ!

ನಮ್ಮ ಹೋಟೆಲುಗಳಲ್ಲಿ ಇಂತಹ ಭೇದಗಳಿರಲಿಲ್ಲವೆ? ಇದ್ದವು, ಈಗಲೂ ಇವೆ. ದಾವಣಗೆರೆಯಲ್ಲಿ ಬೆಣ್ಣೆದೋಸೆ ತಿಂದು ಮುಗಿಸಿದವನು "ಒಂದು ಸ್ಟ್ರಾಂಗು", "ಒಂದು ಲೈಟು", "ಮೇಲೆ ಸ್ವಲ್ಪ ಡಿಕಾಕ್ಷನ್ ಹಾಕಪ್ಪ", "ಸಕ್ಕರೆ ಬೇಡ" ಎಂದು ಕೂಗಿ ಹೇಳುತ್ತಾನೆ. ಒಂದು ಕಾಫಿಯನ್ನು ಇಬ್ಬರು ಹಂಚಿಕೊಳ್ಳುವ 'ಬೈಟು' ಇಂಗ್ಲಿಷಿನ ಹೊಟ್ಟೆಯಲ್ಲಿ ಹುಟ್ಟಿದರೂ ಇಂಗ್ಲೆಂಡಿನವನಿಗೆ ತಿಳಿಯದ ಅಪ್ಪಟ ಕನ್ನಡ ಪದ. ಲೋಟದಿಂದ ಬಟ್ಟಲಿಗೆ ಎತ್ತಿ ಸುರಿದು ನೊರೆಯೆಬ್ಬಿಸುವ ಕೈಗೆ ಹಬೆಯ ಕೊಳವೆ ಬೇಕಾಗಿಲ್ಲ. ಅಂತರ ಎಲ್ಲಿದೆಯೆಂದರೆ, ಇಲ್ಲಿ ಕುಡಿಯುವವನು ಮಾತಾಡುತ್ತಾನೆ, ಮಾಡುವವನು ಕೇಳುತ್ತಾನೆ. ಅಲ್ಲಿ ಫಲಕ ಮಾತಾಡುತ್ತದೆ; ಕುಡಿಯುವವನು ತಡವರಿಸಿ ಒಪ್ಪಿಸುತ್ತಾನೆ.

ಈ ಹೆಸರುಗಳನ್ನೆಲ್ಲ ಕನ್ನಡಿಸಬೇಕೆಂದು ಹಟ ಹಿಡಿಯುವ ಪಂಗಡದವನು ನಾನಲ್ಲ. ಕಾಫಿ ಎಂಬ ಶಬ್ದವೇ ಅರಬ್ಬೀ ಮೂಲದ್ದು. ಅದನ್ನು ಹೊರಗಟ್ಟಿ ನಾವು ಏನನ್ನು ಕುಡಿಯೋಣ? ಕಾಪುಚಿನೊವನ್ನು 'ಕಾಷಾಯಪೇಯ' ಎಂದು ಅನುವಾದಿಸುವ ಪಂಡಿತರಿಂದ ದೇವರೇ ನಮ್ಮನ್ನು ಕಾಪಾಡಬೇಕು. ಹೆಸರು ಹೇಗೋ ಇರಲಿ, ಲೋಟದೊಳಗೆ ಏನಿದೆಯೆಂಬುದನ್ನು ಓದುಗನ ಭಾಷೆಯಲ್ಲಿ ಹೇಳುವುದು ಮಾರುವವನ ಕರ್ತವ್ಯವೆಂಬುದಷ್ಟೇ ನನ್ನ ವಾದ. ಔಷಧದ ಸೀಸೆಯ ಮೇಲೆ ಇಷ್ಟಿಷ್ಟು ಅಂಶವೆಂದು ಬರೆಯುವವರಿದ್ದಾರೆ. ಕಾಫಿಯ ಫಲಕದಲ್ಲೇಕೆ ಇಷ್ಟು ರಹಸ್ಯ? ಗೊತ್ತಿಲ್ಲದವನು ಕೇಳಲಾರದೆ ದುಬಾರಿಯದನ್ನೇ ಕೊಳ್ಳಲಿ ಎಂಬ ಲೆಕ್ಕಾಚಾರವೂ ಅದರಲ್ಲಿ ಅಡಗಿರಬಹುದೆಂದು ನನಗೆ ಸಂಶಯ. ಲಾಟೆ ಎಂಬುದರ ಕೆಳಗೆ 'ಹಾಲು ಹೆಚ್ಚು, ಕಾಫಿ ಕಡಿಮೆ, ಸಕ್ಕರೆ ನೀವೇ ಹಾಕಿಕೊಳ್ಳಿ' ಎಂದು ಕನ್ನಡದಲ್ಲಿ ಒಂದು ಸಾಲು ಬರೆಸಲು ಎಷ್ಟು ಬಣ್ಣ ಖರ್ಚಾದೀತು?