ಆಟವು ಓದಿನ ಶತ್ರುವಲ್ಲ

ಠಾಣೆಯಿಂದ ಡೊಂಬಿವಲಿ, ಕಲ್ಯಾಣದವರೆಗೆ, ಇತ್ತ ನವಿ ಮುಂಬಯಿಯವರೆಗೆ ನೆಲಸಿರುವ ಕನ್ನಡ ಕುಟುಂಬಗಳ ಮಕ್ಕಳ ದಿನಚರಿಯನ್ನು ಕಂಡರೆ ಮರುಕವಾಗುತ್ತದೆ. ಶಾಲೆಯ ಬೆಂಚು, ಟ್ಯೂಶನ್ನಿನ ಚಾಪೆ, ಮನೆಯ ಮೊಬೈಲು, ಇಷ್ಟರಲ್ಲಿಯೇ ದಿನ ಕಳೆಯುತ್ತದೆ. ಸೊಸೈಟಿಯ ಅಂಗಳವನ್ನು ವಾಹನಗಳು ಆಕ್ರಮಿಸಿವೆ. ಪರೀಕ್ಷೆ ಸಮೀಪಿಸಿತೆಂದರೆ ವ್ಯಾಯಾಮದ ಪೀರಿಯಡ್ಡೂ ಗಣಿತದ ಪಾಲು. ಇದಕ್ಕೆ ಪಾಲಕರ ಸಮ್ಮತಿಯೂ ಉಂಟೆಂಬುದೇ ಶೋಚನೀಯ.

ನಮ್ಮ ಹಿರಿಯರಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರು. ಮಕ್ಕಳಿಗೆ ಆ ಕಷ್ಟ ಬಾರದಿರಲೆಂಬ ಹಂಬಲ ಸಹಜವೇ. ಆದರೆ ದುಡಿಮೆ ತಪ್ಪಿಸುವುದೆಂದರೆ ಕೈಕಾಲು ಕಟ್ಟಿ ಕೂರಿಸುವುದಲ್ಲ.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 20 ನಿಮಿಷ ನಡೆದ ಬಳಿಕ ಮಕ್ಕಳ ಏಕಾಗ್ರತೆಯೂ ಓದಿ ಗ್ರಹಿಸುವ ಶಕ್ತಿಯೂ ಉತ್ತಮಗೊಂಡುದು ಕಂಡುಬಂದಿತು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬಿಸಿಯೇರುವಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಾರಿದೆ. ಪ್ರತಿ ಶಾಲೆಗೂ ಆಟದ ಬಯಲಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯಿದೆಯೇ ವಿಧಿಸಿದೆ.

ಇದು ನಮಗೆ ಹೊಸ ಮಾತೂ ಅಲ್ಲ. ಪುತ್ತೂರಿನ ಬಾಲವನದಲ್ಲಿ ಶಿವರಾಮ ಕಾರಂತರು ಆಟ, ಕುಣಿತ, ನಾಟಕಗಳನ್ನೇ ಕಲಿಕೆಯ ಹಾದಿಯಾಗಿಸಿದರು. ಅಂದಿನ ಠಾಣೆ ಜಿಲ್ಲೆಯ ಬೋರ್ಡಿಯಲ್ಲಿ 1945ರಲ್ಲಿ ಬಾಲಶಿಕ್ಷಣದ ಕಾರ್ಯವನ್ನಾರಂಭಿಸಿದ ತಾರಾಬಾಯಿ ಮೋಡಕ್ ಮತ್ತು ಅನುತಾಯಿ ವಾಘ್, ಬಳಿಕ ಕೋಸಬಾಡದಲ್ಲಿ ದನ ಕಾಯುವ ಆದಿವಾಸಿ ಮಕ್ಕಳಿದ್ದ ಹುಲ್ಲುಗಾವಲಿಗೇ ಶಾಲೆಯನ್ನು ಕೊಂಡೊಯ್ದರು. ಮಕ್ಕಳನ್ನು ಕಟ್ಟಿಹಾಕಿ ಕಲಿಸಲು ಅವರು ಹೋಗಲಿಲ್ಲ.

ಕುಣಿದ ಮಾತ್ರಕ್ಕೆ ಗಣಿತ ಬಾರದು. ಅಭ್ಯಾಸ ಬೇಕೇ ಬೇಕು. ಆದರೆ ದಣಿದ ತಲೆಗೆ ಇನ್ನೊಂದು ಟ್ಯೂಶನ್ ಮದ್ದಲ್ಲ.

ನಮ್ಮ ಸಂಘಗಳು ಸಮಾರಂಭವಿಲ್ಲದ ಭಾನುವಾರಗಳಲ್ಲಿ ಸಭಾಗೃಹವನ್ನು ಮಕ್ಕಳಿಗೆ ತೆರೆದಿಡಲಿ. ಕುಂಟೆಬಿಲ್ಲೆಯ ಮನೆಗಳಲ್ಲಿ ಕನ್ನಡದ ಅಂಕಿ, ಅಕ್ಷರಗಳನ್ನು ಬರೆದರೆ ಮರಾಠಿ, ಇಂಗ್ಲಿಷ್ ಶಾಲೆಗಳ ನಮ್ಮ ಮಕ್ಕಳು ಅವನ್ನು ಜಿಗಿಯುತ್ತಲೇ ಕಲಿತಾರು. ಯಕ್ಷಗಾನದ ಹೆಜ್ಜೆ ಕಲಿಯುವ ಮಗು ತಾಳದ ಲೆಕ್ಕವನ್ನೂ ಮಾತುಗಾರಿಕೆಯನ್ನೂ ಜತೆಗೇ ಕಲಿಯುತ್ತದೆ. ಸೊಸೈಟಿಗಳ ಕಮಿಟಿಗಳಲ್ಲಿರುವ ನಮ್ಮವರು ಸಂಜೆಯ ಒಂದು ತಾಸು ಅಂಗಳವನ್ನು ಬಿಡಿಸಿಕೊಡಲಿ.

ಇದಕ್ಕೆ ದೇಣಿಗೆ ಬೇಡ, ಸರಕಾರದ ಅಪ್ಪಣೆಯೂ ಬೇಡ. ಹಿರಿಯರ ಮನಸ್ಸೊಂದಿದ್ದರೆ ಸಾಕು. ಅಂಕಪಟ್ಟಿಯನ್ನು ಕೇಳುವ ಮೊದಲು, ‘ಇಂದು ಎಷ್ಟು ಹೊತ್ತು ಆಡಿದೆ?’ ಎಂದು ಮಗುವನ್ನು ಕೇಳುವ ತಂದೆತಾಯಿಗಳು ನಮ್ಮಲ್ಲಿ ಹೆಚ್ಚಬೇಕು.